ಮೂವತ್ತೊಂದು ಹಾಳೆ, ಒಂದು ಬಾಟಲಿ ಮಸಿ

2024ರ ನವೆಂಬರ್ 1. ಆ ವರ್ಷ ದೀಪಾವಳಿ ಅಮಾವಾಸ್ಯೆಯೂ ರಾಜ್ಯೋತ್ಸವವೂ ಒಂದೇ ದಿನ ಬಂದಿದ್ದವು. ಸಾಗರದ ಹತ್ತಿರದ ತವರುಮನೆಯ ಜಗಲಿಯಲ್ಲಿ, ಕೆಂಪು ಗಾರೆಯ ನೆಲದ ಮೇಲೆ, ಅಕ್ಟೋಬರ್ ಪೂರ್ತಿ ದಿನಕ್ಕೊಂದರಂತೆ ಬಿಡಿಸಿದ ಮಸಿಚಿತ್ರಗಳನ್ನು ಹರವಿದೆ. ಸಾಲಿಗೆ ಏಳರಂತೆ ನಾಲ್ಕು ಸಾಲು, ಕೆಳಗೆ ಮೂರು. ಎದ್ದು ನಿಂತು ನೋಡಿದ ಕೂಡಲೇ ಕಣ್ಣಿಗೆ ರಾಚಿದ್ದು ಒಂದೇ ಸಂಗತಿ: ಮೊದಲ ಹತ್ತು ಹಾಳೆಗಳಲ್ಲಿ ಎಲ್ಲಿಯೂ ಕಪ್ಪು ಇರಲಿಲ್ಲ. ಬಾಟಲಿಯಲ್ಲಿದ್ದದ್ದು ಅಚ್ಚಗಪ್ಪು ಮಸಿ. ಹಾಳೆಯ ಮೇಲಿದ್ದದ್ದು ಮಾತ್ರ ಬೂದಿ, ಬೂದಿ, ಬೂದಿ. ಹತ್ತು ದಿನ ನೀರು ಬೆರೆಸಿ ಬೆರೆಸಿ ತಿಳಿ ಮಾಡಿಕೊಂಡೇ ಬಳಿದಿದ್ದೆ, ಅದೂ ನನಗೆ ಗೊತ್ತಿಲ್ಲದೆ.

ದಿನದಿನವೂ ಹಾಳೆ ನೋಡಿದಾಗ ಇದು ಕಂಡಿರಲಿಲ್ಲ. ಒಂದೊಂದು ಚಿತ್ರವೂ ತನ್ನಷ್ಟಕ್ಕೆ ಚೆನ್ನಾಗಿಯೇ ಇತ್ತು. ಮೂವತ್ತೊಂದನ್ನೂ ಒಟ್ಟಿಗಿಟ್ಟಾಗಲೇ ಕೈಗೆ ಕಪ್ಪಿನ ಭಯವಿದೆ ಎಂದು ತಿಳಿದದ್ದು. ಅಂದಿನಿಂದ ಯಾರಾದರೂ ದಿನಕ್ಕೊಂದು ಚಿತ್ರದ ಸವಾಲಿನ ಬಗ್ಗೆ ಕೇಳಿದರೆ ನಾನು ಹೇಳುವುದು ಇಷ್ಟೇ: ಬಿಡಿಸುವುದು ಅರ್ಧ ಕೆಲಸ, ತಿಂಗಳು ಮುಗಿದ ಮೇಲೆ ನೆಲದ ಮೇಲೆ ಹರವಿ ಓದುವುದು ಉಳಿದರ್ಧ. ಆ ಎರಡನೆಯ ಅರ್ಧವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಕೊನೆಯ ಚಿತ್ರದ ಫೋಟೊ ತೆಗೆದು, ಹಾಳೆಗಳನ್ನು ಬೀರುವಿಗೆ ಸೇರಿಸಿಬಿಡುತ್ತಾರೆ.

ಅಕ್ಟೋಬರಿನ ಈ ರೂಢಿಯನ್ನು ಶುರು ಮಾಡಿದವರು ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್. ತಮ್ಮ ಮಸಿಗೆಲಸ ಸುಧಾರಿಸಬೇಕು, ದಿನವೂ ಕೂರುವ ಅಭ್ಯಾಸವಾಗಬೇಕು ಎಂದು 2009ರಲ್ಲಿ ತಮಗೇ ಒಂದು ನಿಯಮ ಹಾಕಿಕೊಂಡರು: 31 ದಿನ, 31 ಚಿತ್ರ, ಎಲ್ಲವೂ ಮಸಿಯಲ್ಲಿ. ಇಂಕ್ ಮತ್ತು ಅಕ್ಟೋಬರ್ ಸೇರಿ ‘ಇಂಕ್ಟೋಬರ್’ ಎಂಬ ಹೆಸರಾಯಿತು, ಲೋಕದ ತುಂಬ ಹಬ್ಬಿತು. ನಿಯಮ ಸಡಿಲವೇ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಅದರ ಮೇಲೆ ಮಸಿ ಹಾಕಬಹುದು. ದಿನವೂ ಆಗದವರು ದಿನ ಬಿಟ್ಟು ದಿನ, ಅದೂ ಆಗದವರು ವಾರಕ್ಕೊಂದು ಬಿಡಿಸಬಹುದು.

ದಿನಕ್ಕೊಂದು ಎಂಬ ಹಟ ಮಾತ್ರ ಇದಕ್ಕಿಂತ ಬಹಳ ಹಳೆಯದು. ಜಪಾನಿನ ಹೊಕುಸಾಯ್ ಹುಟ್ಟಿದ್ದು 1760ರಲ್ಲಿ. ಎಂಬತ್ತು ದಾಟಿದ ಮೇಲೆ, 1842-43ರ ಸುಮಾರಿಗೆ, ಅವರು ದಿನವೂ ಒಂದು ಸಿಂಹವನ್ನು ಮಸಿಯಲ್ಲಿ ಬಿಡಿಸುವ ವ್ರತ ಹಿಡಿದಿದ್ದರು. ಕೆಡುಕು ಹತ್ತಿರ ಸುಳಿಯದಿರಲಿ ಎಂಬ ನಂಬಿಕೆಯಿಂದ ಬಿಡಿಸಿದ ಆ ಹಾಳೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಇವತ್ತಿಗೂ ಉಳಿದಿವೆ. ಅವುಗಳ ಮೇಲೆ ತಾರೀಖೂ ಇದೆ. ಹೊಕುಸಾಯ್‌ ಅವರಂಥವರೇ ತಾರೀಖು ಬರೆದಿಟ್ಟಿದ್ದರು ಎಂಬುದು ನನಗೆ ದೊಡ್ಡ ಪಾಠವಾಗಿ ಕಂಡಿತು. ತಾರೀಖಿಲ್ಲದ ಹಾಳೆ ಬರೀ ಚಿತ್ರ. ತಾರೀಖಿದ್ದರೆ ಅದು ಕೈಯ ದಿನಚರಿ.

ಸಾಮಾನು ಎಷ್ಟು ಬೇಕು?

ಬಹಳ ಕಡಿಮೆ. ಸಾಮಾನು ಕೊಳ್ಳುವುದರಲ್ಲೇ ಉತ್ಸಾಹ ತೀರಿಹೋದವರನ್ನು ನೋಡಿದ್ದೇನೆ. ಒಂದು ಬಾಟಲಿ ಕಪ್ಪು ಮಸಿ, ತುದಿ ಚೂಪಾಗಿ ಕೂಡುವ ದುಂಡು ಬ್ರಶ್ಶು ಒಂದು (6 ಅಥವಾ 8ನೇ ನಂಬರು), ಹೋಲ್ಡರಿಗೆ ಸಿಕ್ಕಿಸುವ ನಿಬ್ಬು ಒಂದು, ಹಳೆಯ ಹತ್ತಿಬಟ್ಟೆ, ನೀರಿಗೊಂದು ಚೊಂಬು. ಕಾಗದಕ್ಕೆ ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆ ಸಾಕು. 200 ಜಿಎಸ್‌ಎಂ ಇದ್ದರೆ ತೆಳು ಮಸಿ ಬಳಿದಾಗ ಅಷ್ಟಾಗಿ ಸುರುಟಿಕೊಳ್ಳುವುದಿಲ್ಲ. ಹದಿನಾರು ಹಾಳೆಗಳನ್ನು ನಡುವೆ ಕತ್ತರಿಸಿದರೆ ತಿಂಗಳಿಗೆ ಬೇಕಾದಷ್ಟಾಗಿ ಒಂದು ಉಳಿಯುತ್ತದೆ. ದಿನವೂ ಬಿಡಿಸುವಾಗ ಅಳತೆ ಚಿಕ್ಕದಿರುವುದೇ ಮೇಲು. ಬೈಂಡ್ ಮಾಡಿದ ಪುಸ್ತಕ ಬೇಡ, ಬಿಡಿ ಹಾಳೆಯೇ ಇರಲಿ. ಪುಸ್ತಕವನ್ನು ನೆಲದ ಮೇಲೆ ಹರವಲಾಗದು.

ಮಸಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ಅಂಗಡಿಗಳಲ್ಲಿ ಮಸಿ ಎಂದು ಸಿಗುವುದು ಎರಡು ಬಗೆ. ಫೌಂಟನ್ ಪೆನ್ನಿನದು ಬಹುಪಾಲು ನೀರಿನಲ್ಲಿ ಕರಗಿದ ಬಣ್ಣ. ಡ್ರಾಯಿಂಗ್ ಇಂಕ್ ಅಥವಾ ಇಂಡಿಯನ್ ಇಂಕ್ ಎಂಬುದು ಇಂಗಾಲದ ಪುಡಿ, ಅದನ್ನು ಹಿಡಿದಿಡಲು ಅರಗಿನಂಥದೊಂದು ಅಂಟು. ಎರಡನೆಯದು ಒಣಗಿದ ಮೇಲೆ ನೀರು ಬಿದ್ದರೂ ಜಗ್ಗದು, ಬಿಸಿಲಿಗೂ ಮಾಸದು. ನನಗೆ ಒಬ್ಬ ಅಂಗಡಿಯವರು ವಾಟರ್‌ಪ್ರೂಫ್ ಎಂದು ಕೊಟ್ಟ ಬಾಟಲಿ ಹಾಗಿರಲಿಲ್ಲ. ಎರಡನೆಯ ದಿನದ ಚಿತ್ರದಲ್ಲಿ ಗೆರೆಗಳ ಮೇಲೆ ತೆಳು ಮಸಿ ಎಳೆದದ್ದೇ ತಡ, ಗಂಟೆಗಟ್ಟಲೆ ಕೂತು ಹಾಕಿದ ಗೆರೆಯೆಲ್ಲ ಕರಗಿ ಹರಿಯಿತು. ಆದ್ದರಿಂದ ಮೊದಲೇ ಪರೀಕ್ಷೆ ಮಾಡಿಕೊಳ್ಳಿ: ಒಂದು ಗೆರೆ ಎಳೆದು, ಅರ್ಧ ಗಂಟೆ ಒಣಗಲು ಬಿಟ್ಟು, ಅದರ ಮೇಲೆ ಒದ್ದೆ ಬ್ರಶ್ಶು ಆಡಿಸಿ. ಗೆರೆ ಕದಲದಿದ್ದರೆ ಮಸಿ ಒಳ್ಳೆಯದು.

ಅಂಟಿರುವ ಈ ಮಸಿಯನ್ನು ಫೌಂಟನ್ ಪೆನ್ನಿಗೆ ತುಂಬಬಾರದು. ಒಳಗೇ ಒಣಗಿ ನಾಳ ಕಟ್ಟಿಕೊಂಡರೆ ಆ ಪೆನ್ನು ಮತ್ತೆ ಬರೆಯುವುದು ಕಷ್ಟ. ಬ್ರಶ್ಶಿಗೂ ಅದೇ ಅಪಾಯ. ಚಿತ್ರ ಮುಗಿದ ಮರುಗಳಿಗೆ ಸೋಪು ಹಚ್ಚಿ ಬುಡದವರೆಗೆ ತೊಳೆದು, ತುದಿಯನ್ನು ಬೆರಳಿನಲ್ಲಿ ಕೂಡಿಸಿ ಮಲಗಿಸಿಡಬೇಕು. ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಸೋಪಿನಿಂದ ಉಜ್ಜದಿದ್ದರೆ ಮಸಿ ಹನಿಯಾಗಿ ಜಾರಿ ಬೀಳುತ್ತದೆಯೇ ಹೊರತು ಗೆರೆಯಾಗಿ ಇಳಿಯುವುದಿಲ್ಲ. ಬಾಟಲಿ ಮಗುಚದಂತೆ ಅಗಲವಾದ ಬಟ್ಟಲೊಳಗಿಟ್ಟುಕೊಳ್ಳಿ. ಗಾರೆ ನೆಲದ ಮೇಲೆ ಬಿದ್ದ ಮಸಿ ಹೋಗುವುದಿಲ್ಲ, ನಮ್ಮ ಜಗಲಿಯಲ್ಲಿ ಈಗಲೂ ಒಂದು ಕಲೆ ಇದೆ.

ಮಸಿ ನಮಗೆ ಹೊರಗಿನ ವಸ್ತುವೇನಲ್ಲ. ಚೀನಾದವರು ಪೈನ್ ಮರ ಸುಟ್ಟ ಹೊಗೆಯ ಕಾಡಿಗೆಗೆ, ಎಣ್ಣೆ ದೀಪದ ಕಾಡಿಗೆಗೆ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಅಂಟು ಕಲಸಿ ಕಡ್ಡಿ ಮಾಡಿದರು, ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಬರೆದರು. ನಮ್ಮಲ್ಲಿ ಓಲೆಗರಿಯ ಮೇಲೆ ಕಂಟದಿಂದ ಕೊರೆದು ಕಾಡಿಗೆ ಸವರಿ ಒರೆಸಿದರೆ ಅಕ್ಷರ ಮಾತ್ರ ಕಪ್ಪಾಗಿ ಉಳಿಯುತ್ತಿತ್ತು. ಕಡತದಲ್ಲಂತೂ ಎಲ್ಲವೂ ತಿರುಗುಮುರುಗು: ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಮೆತ್ತಿ ಕಪ್ಪು ಮಾಡಿ, ಬಳಪದಲ್ಲಿ ಬೆಳ್ಳಗೆ ಬರೆಯುತ್ತಿದ್ದರು. ಕಪ್ಪನ್ನೇ ನೆಲವಾಗಿಸಿಕೊಂಡ ಜನರ ಮೊಮ್ಮಗಳಾದ ನಾನು ಹತ್ತು ದಿನ ಕಪ್ಪಿಗೆ ಹೆದರಿ ಕೂತಿದ್ದೆ.

ಬೂದಿಯಿಂದ ಕಪ್ಪಿಗೆ

ಆ ಹೆದರಿಕೆ ಮುರಿದದ್ದು ಅಕ್ಟೋಬರ್ 11ರಂದು. ಅಂದು ಆಯುಧಪೂಜೆ, ದಸರಾ ರಜೆಗೆ ಊರಿಗೆ ಹೋಗಿದ್ದೆ. ಕತ್ತಿ, ಕುಡುಗೋಲು, ಹೊಲಿಗೆ ಮಿಷನ್ನು, ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮವಾಯಿತು. ಅಮ್ಮ ನನ್ನ ಕೈಯಲ್ಲಿದ್ದ ಬ್ರಶ್ಶನ್ನು ನೋಡಿ, “ಅದೂ ನಿನ್ನ ಆಯುಧವೇ ಅಲ್ವೇನೆ? ದೇವ್ರ ಮುಂದಿಡು. ನಾಳೆ ಪೂಜೆ ಆದ್ಮೇಲೆ ತಗೊಂಡ್ರಾಯ್ತು” ಎಂದರು. ಬ್ರಶ್ಶು, ನಿಬ್ಬು ಎರಡೂ ದೇವರ ಮುಂದೆ ಹೋದವು. ದಿನ ತಪ್ಪಿಸಲು ಮನಸ್ಸು ಬರಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಗರಿಯಿಂದ ಒಂದು ಕಡ್ಡಿ ಸೀಳಿ, ತುದಿ ಜಜ್ಜಿ, ಮಸಿಯಲ್ಲಿ ಅದ್ದಿದೆ. ಕಡ್ಡಿಗೆ ನೀರು ಹಿಡಿಯದು, ತೆಳು ಮಸಿ ನಿಲ್ಲದು. ದಪ್ಪ ಮಸಿಯನ್ನೇ ಗೀಚಬೇಕು, ಎರಡು ಗೀಟಿಗೆ ಮತ್ತೆ ಅದ್ದಬೇಕು. ಒರಳುಕಲ್ಲು ಬಿಡಿಸಿದೆ. ಹದಿನೈದು ನಿಮಿಷವೂ ಹಿಡಿಯಲಿಲ್ಲ. ನೆಲದ ಮೇಲೆ ಹರವಿದಾಗ ಎರಡನೆಯ ಸಾಲಿನ ನಾಲ್ಕನೆಯ ಹಾಳೆ ದೂರದಿಂದಲೇ ಕರೆಯುತ್ತಿತ್ತು. ಇಡೀ ತಿಂಗಳಲ್ಲಿ ಮೊದಲ ಅಚ್ಚಗಪ್ಪು ಅದೇ. ಅದರ ಮುಂದಿನ ಹಾಳೆಗಳಲ್ಲಿ ಕಪ್ಪು ಮೆಲ್ಲಗೆ ಒಳಗೆ ಬರತೊಡಗಿತ್ತು.

ಇದರಿಂದ ನಾನು ಮಾಡಿಕೊಂಡ ನಿಯಮ: ಚಿತ್ರಕ್ಕೆ ಕೂರುವ ಮೊದಲೇ ಅತಿ ಕಪ್ಪು ಎಲ್ಲಿ, ಅತಿ ಬಿಳಿ ಎಲ್ಲಿ ಎಂದು ಗೊತ್ತುಮಾಡಿಕೊಳ್ಳುವುದು. ಮಸಿಚಿತ್ರದಲ್ಲಿ ಬಿಳಿ ಎಂದರೆ ಕಾಗದವೇ. ಒಮ್ಮೆ ಮುಚ್ಚಿದರೆ ಮತ್ತೆ ಬಾರದು. ಪೆನ್ಸಿಲಿನಲ್ಲಿ ಬಿಳಿಯ ಜಾಗಕ್ಕೆ ಮಾತ್ರ ಸಣ್ಣ ಗುರುತು ಹಾಕಿಕೊಂಡರೆ ಅರ್ಧ ಚಿತ್ರ ಮುಗಿದಂತೆ.

ಉಳಿದ ಛಾಯೆಗಳಿಗೆ ತೂತಿಲ್ಲದ ಹಳೆಯ ಇಡ್ಲಿ ತಟ್ಟೆ ಬಹಳ ಒಳ್ಳೆಯ ಸಾಧನ (ಮತ್ತೆ ಅದರಲ್ಲಿ ಇಡ್ಲಿ ಮಾಡಬಾರದು). ಒಂದು ಗುಳಿಗೆ ಬರೀ ಮಸಿ. ಎರಡನೆಯದಕ್ಕೆ ಮಸಿಯಷ್ಟೇ ನೀರು. ಮೂರನೆಯದಕ್ಕೆ ಒಂದು ಹನಿ ಮಸಿಗೆ ನಾಲ್ಕೈದು ಹನಿ ನೀರು. ನಾಲ್ಕನೆಯದಕ್ಕೆ ಒಂದು ಹನಿಗೆ ಟೀ ಚಮಚದಷ್ಟು ನೀರು. ಐದನೆಯ ಛಾಯೆ ಕಾಗದದ್ದು. ಮಸಿಯೊಂದರಲ್ಲೇ ಐದು ಬಣ್ಣವಿದೆ ಎನ್ನುವುದು ಚೀನಾದ ಚಿತ್ರಕಾರರ ಹಳೆಯ ಮಾತು. ಒಂದನ್ನು ನೆನಪಿಡಿ: ಒದ್ದೆಯಿದ್ದಾಗ ಕಂಡಷ್ಟು ಗಾಢವಾಗಿ ಅದು ಒಣಗಿದ ಮೇಲೆ ಇರದು. ರಾತ್ರಿ ಹಳದಿ ಬಲ್ಬಿನ ಕೆಳಗೆ ಸರಿಯಾಗಿದೆ ಎನಿಸಿದ್ದು ಬೆಳಗಿನ ಬೆಳಕಿಗೆ ಸಪ್ಪೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಅಂದುಕೊಂಡದ್ದಕ್ಕಿಂತ ಒಂದು ಗುಳಿ ಹಿಂದಕ್ಕೆ ಹೋಗಿ ಬ್ರಶ್ಶು ಅದ್ದುವುದೇ ಪರಿಹಾರ.

ಕೈ ಪಳಗಿಸಲು ಬಿದಿರಿಗಿಂತ ಒಳ್ಳೆಯ ಗುರು ಇಲ್ಲ. ಚೀನಾ, ಜಪಾನುಗಳಲ್ಲಿ ಮಸಿಚಿತ್ರ ಕಲಿಯುವವರು ಮೊದಲು ತಿದ್ದುವವುಗಳಲ್ಲಿ ಇದೂ ಒಂದು. ಮಲೆನಾಡಿನವರಿಗೆ ಅದು ಹಿತ್ತಲಲ್ಲೇ ಇದೆ. ಬ್ರಶ್ಶನ್ನು ನೆಟ್ಟಗೆ ಹಿಡಿದು, ಬುಡದಿಂದ ಮೇಲಕ್ಕೆ ಒಂದು ಗೆಣ್ಣಿನಷ್ಟು ಎಳೆದು, ಒತ್ತಿ ನಿಲ್ಲಿಸಿ, ಎತ್ತಬೇಕು. ಕೂದಲೆಳೆಯಷ್ಟು ಜಾಗ ಬಿಟ್ಟು ಮುಂದಿನ ತುಂಡು. ಕಾಂಡದ ಪಸೆ ಆರುವ ಮೊದಲು ಗೆಣ್ಣಿಗೆ ದಪ್ಪ ಮಸಿಯ ಗುರುತು. ಎಲೆಗೆ ಬ್ರಶ್ಶನ್ನು ಒತ್ತಿ, ಎಳೆಯುತ್ತ ಹಗುರ ಮಾಡಿ, ತುದಿಯಲ್ಲಿ ಗಾಳಿಗೆ ಬಿಡಬೇಕು. ಒಮ್ಮೆ ಎಳೆದದ್ದನ್ನು ತಿದ್ದಬಾರದು. ತಿದ್ದಿದ ಎಲೆ ಸತ್ತ ಹಾಗೆ ಕಾಣುತ್ತದೆ. 13ರಿಂದ 17ರವರೆಗೆ, 16 ಒಂದನ್ನು ಬಿಟ್ಟು, ನಾಲ್ಕು ದಿನ ನಾನು ಬಿದಿರನ್ನೇ ಬಿಡಿಸಿದೆ. ಆ ನಾಲ್ಕರಲ್ಲಿ ಮೂರು ಹಾಳೆ ಕೆಟ್ಟವು, ಆದರೂ ಮಣಿಕಟ್ಟಿಗೆ ಒತ್ತುವುದು ಯಾವುದು, ಎತ್ತುವುದು ಯಾವುದು ಎಂದು ಗೊತ್ತಾದದ್ದು ಆಗಲೇ.

ಬಿದಿರಾದ ಮೇಲೆ ಕಾಗೆ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರಿಗೆ ಬಾಲ್ಯದಿಂದಲೂ ಕಾಗೆಯೆಂದರೆ ಪ್ರೀತಿ ಎಂಬುದು ಎಲ್ಲರಿಗೂ ಗೊತ್ತು. ಬೇಲಿಯ ಮೇಲಿನ ಒಂದು ಕಾಗೆಯನ್ನು ಅರ್ಧ ಗಂಟೆ ನೋಡಿ ಬಿಡಿಸಲು ಕೂತರೆ ಕಾರಣ ತಿಳಿಯುತ್ತದೆ: ಕುತ್ತಿಗೆ ಬೂದಿ, ರೆಕ್ಕೆ ಕಪ್ಪು, ಕಣ್ಣಲ್ಲೊಂದು ಬಿಳಿ ಚುಕ್ಕೆ. ಇಡ್ಲಿ ತಟ್ಟೆಯ ಎಲ್ಲ ಗುಳಿಗಳಿಗೂ ಅಲ್ಲಿ ಕೆಲಸವಿದೆ. ಗೆರೆಯನ್ನೇ ನೆಚ್ಚುವವರು ಉಡುಪಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಲಿ. ‘ದಿ ಸಿಂಗಿಂಗ್ ಲೈನ್’ ಅವರ ರೇಖಾಚಿತ್ರಗಳ ಪುಸ್ತಕ. ಕುಣಿಯುವವರನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿದು, ಉಳಿದದ್ದನ್ನೆಲ್ಲ ಕಾಗದಕ್ಕೆ ಬಿಟ್ಟುಬಿಡುವ ಧೈರ್ಯ ಅದರಲ್ಲಿದೆ.

ಏನನ್ನು ಬಿಡಿಸುವುದು ಎಂಬ ಪ್ರಶ್ನೆ ದಿನವೂ ಸಮಯ ತಿನ್ನುತ್ತದೆ. ಪಾರ್ಕರ್ ಪ್ರತಿ ವರ್ಷ ದಿನಕ್ಕೊಂದು ಪದದ ಪಟ್ಟಿ ಕೊಡುತ್ತಾರೆ. 2024ರದ್ದರಲ್ಲಿ ಬೆನ್ನಿಗೆ ಹಾಕುವ ಚೀಲ, ಬೂಟು, ಪಾಸ್‌ಪೋರ್ಟ್ ಹೀಗೆ ಪ್ರವಾಸದ ಪದಗಳೇ ಹೆಚ್ಚು. ಅದು ನನ್ನ ಕೈಗೆ ಹತ್ತಲಿಲ್ಲ. ಸೆಪ್ಟೆಂಬರಿನ ಕೊನೆಯಲ್ಲೇ ನನ್ನದೇ ಪಟ್ಟಿ ಮಾಡಿಕೊಂಡೆ: ಈಳಿಗೆಮಣೆ, ಹಂಡೆ, ಅಡಿಕೆ ಗೊನೆ, ಗೊರಬು, ಕಡೆಗೋಲು, ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿ. ಕಣ್ಣೆದುರಿಗಿರುವ ವಸ್ತುವನ್ನೇ ಬರೆದುಕೊಳ್ಳಿ, ಫೋಟೊ ನೋಡಿ ಬಿಡಿಸಬೇಕಾದದ್ದು ಬೇಡ. ಒಂದು ವಸ್ತುವನ್ನು ಮಾತ್ರ ಮೂರು ಸಲ ಇಟ್ಟುಕೊಳ್ಳಿ: 1ನೇ ತಾರೀಖು, 16, 31. ನನ್ನದು ಬ್ರಶ್ಶು ತೊಳೆಯುವ ತಾಮ್ರದ ಚೊಂಬು.

ಅಕ್ಟೋಬರ್ ನಮಗೆ ಅನುಕೂಲದ ತಿಂಗಳೇನಲ್ಲ. ದಸರಾ, ದೀಪಾವಳಿ, ಮನೆ ತುಂಬ ನೆಂಟರು, ಹಿಂಗಾರಿನ ಮಳೆ. ಗಾಳಿಯಲ್ಲಿ ಪಸೆ ಹೆಚ್ಚಿರುವಾಗ ತೆಳು ಮಸಿ ಒಣಗಲು ಗಂಟೆ ಹಿಡಿಯುತ್ತದೆ, ಆತುರಕ್ಕೆ ಅದರ ಮೇಲೆ ಗೆರೆ ಎಳೆದರೆ ಒಡೆದು ಹೂವಿನಂತೆ ಹರಡುತ್ತದೆ. ಅಂಥ ದಿನ ಬರೀ ಗೆರೆಯ ಚಿತ್ರ ಬಿಡಿಸಿ. ಹೊತ್ತು ಒಂದೇ ಇರಲಿ. ನನಗೆ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚಿನ ಇಪ್ಪತ್ತು ನಿಮಿಷ ಒಗ್ಗಿತು. ನಿಮಗೆ ಬೇರೆ ತಿಂಗಳು ಸಲೀಸಾದರೆ ಅದನ್ನೇ ಆರಿಸಿಕೊಳ್ಳಿ, ಬೇಸಗೆಯಲ್ಲಿ ಮಸಿ ಬೇಗ ಆರುತ್ತದೆ, ಮಕ್ಕಳಿಗೂ ರಜೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಹತ್ತು ದಿನ ಸಾಕು.

ದಿನ ತಪ್ಪಿದರೆ ಮರುದಿನ ಎರಡು ಬಿಡಿಸಿ ಲೆಕ್ಕ ತುಂಬಿಸಬೇಡಿ. ಜ್ವರ ಬಂದು 18, 19 ನನಗೆ ತಪ್ಪಿದವು. ಖಾಲಿ ಹಾಳೆಗೆ ತಾರೀಖು ಹಾಕಿ ಹಾಗೇ ಇಟ್ಟೆ. ನೆಲದ ಮೇಲೆ ಆ ಎರಡು ಬಿಳಿ ಹಾಳೆಗಳೂ ಮಾತಾಡಿದವು: ಅವುಗಳ ಹಿಂದಿನ ಮೂರು ದಿನದ ಚಿತ್ರಗಳಲ್ಲಿ ಗೆರೆ ಆಗಲೇ ಸೋತು ಜೋಲಾಡುತ್ತಿತ್ತು.

ಹಾಳೆ ಓದುವುದು ಹೇಗೆ

ಇದಕ್ಕೆ ತಯಾರಿ ಮೊದಲ ದಿನವೇ ಆಗಬೇಕು. ಪ್ರತಿ ಹಾಳೆಯ ಹಿಂದೆ ನಾಲ್ಕು ಸಂಗತಿ ಬರೆಯಿರಿ: ತಾರೀಖು, ಎಷ್ಟು ಹೊತ್ತಿಗೆ ಕೂತಿರಿ, ಎಷ್ಟು ನಿಮಿಷ ಹಿಡಿಯಿತು, ಕೈ ಎಲ್ಲಿ ತಡೆಯಿತು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಮಾತ್ರ ಬರೆಯಬೇಡಿ. ಆ ಮಾತು ಮುಂದೆ ಕಣ್ಣು ಕಟ್ಟುತ್ತದೆ.

ತಿಂಗಳು ಮುಗಿದ ಮರುದಿನವೇ ಹರವಿ. ಫೋನಿನ ಪರದೆಯಲ್ಲಿ ಬೆರಳಾಡಿಸಿ ನೋಡಿದರೆ ಇದು ಕಾಣದು. ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ, ಒಟ್ಟಿಗೆ ನಿಲ್ಲುವುದಿಲ್ಲ. ತಾರೀಖಿನ ಕ್ರಮದಲ್ಲಿ ಹರವಿ, ಕುರ್ಚಿಯ ಮೇಲೆ ಹತ್ತಿ ನಿಂತು, ಕಣ್ಣು ಅರೆ ಮುಚ್ಚಿ. ಬಿಡಿ ವಸ್ತುಗಳು ಮಾಯವಾಗಿ ಕಪ್ಪು, ಬೂದಿ, ಬಿಳಿ ಮಾತ್ರ ಉಳಿಯುತ್ತವೆ. ಕಪ್ಪು ಯಾವ ದಿನ ಬಂತು, ಯಾವ ದಿನ ಹೋಯಿತು ನೋಡಿ. ಬಳಿಕ ಚಿತ್ರ ಹಾಳೆಯ ಯಾವ ಜಾಗದಲ್ಲಿದೆ ನೋಡಿ. ನನ್ನವು ಮೊದಲ ಎರಡು ವಾರ ಒಂದಿಲ್ಲೊಂದು ವಸ್ತು ಹಾಳೆಯ ನಟ್ಟನಡುವೆ, ಸುತ್ತ ಸಮನಾದ ಬಿಳಿ, ಪಾಸ್‌ಪೋರ್ಟ್ ಫೋಟೊದ ಹಾಗೆ ಕೂತಿದ್ದವು. ವಸ್ತುವನ್ನು ಹಾಳೆಯ ಅಂಚಿನಿಂದ ಕತ್ತರಿಸಬಹುದು ಎಂಬುದು ನನಗೆ 22ನೇ ತಾರೀಖಿನವರೆಗೂ ಹೊಳೆದಿರಲಿಲ್ಲ.

ಇನ್ನೊಂದು ಸಲ ಹಿಂಬದಿ ತಿರುಗಿಸಿ, ಹಿಡಿದ ನಿಮಿಷಗಳ ಕ್ರಮದಲ್ಲಿ ಜೋಡಿಸಿ. ನನಗೆ ಅತಿ ಹೆಚ್ಚು ಕಲಿಸಿದ್ದು ಈ ಜೋಡಣೆ. ಎರಡು ಗಂಟೆ ಕೂತು ಬಿಡಿಸಿದವು ನಾಲ್ಕು ಇದ್ದವು, ನಾಲ್ಕರಲ್ಲೂ ಬಿಳಿ ಉಳಿದಿರಲಿಲ್ಲ. ಇಪ್ಪತ್ತು ನಿಮಿಷದವುಗಳಲ್ಲಿ ಬಿಳಿ ಉಸಿರಾಡುತ್ತಿತ್ತು. ಎಲ್ಲರಿಗೂ ಹೀಗೇ ಎಂದು ಹೇಳಲಾರೆ. ನಿಧಾನದಲ್ಲೇ ಅರಳುವ ಕೈಗಳೂ ಇವೆ. ನಿಮ್ಮ ಕೈ ಯಾವ ಬಗೆಯದು ಎಂಬುದನ್ನು ನಿಮ್ಮ ಹಾಳೆಗಳೇ ಹೇಳಬೇಕು.

ಏನನ್ನು ಬಿಡಿಸಲೇ ಇಲ್ಲ ಎಂಬುದನ್ನೂ ಕೇಳಿಕೊಳ್ಳಿ. ನನ್ನ ಮೂವತ್ತೊಂದು ಹಾಳೆಗಳಲ್ಲಿ ಒಂದೂ ಮನುಷ್ಯನ ಮುಖವಿರಲಿಲ್ಲ. ಹಣ್ಣಿನ ಗಾಡಿ ಇತ್ತು, ಮಾರುವವನಿರಲಿಲ್ಲ. ಪಟ್ಟಿ ಮಾಡುವಾಗಲೇ ಕೈಗೆ ಬಾರದ್ದನ್ನು ಮೆಲ್ಲಗೆ ಹೊರಗಿಟ್ಟಿದ್ದೆ. ಈಗ ವಾರಕ್ಕೆ ಎರಡು ಮುಖ ಬಿಡಿಸುತ್ತಿರುವುದು ಆ ಕಾರಣಕ್ಕೆ.

ಕೊನೆಗೆ ಮೂರು ಚೊಂಬುಗಳನ್ನು ಪಕ್ಕಪಕ್ಕ ಇಟ್ಟೆ. ಮೊದಲನೆಯದರ ಅಂಚನ್ನು ಹನ್ನೆರಡು ಹದಿಮೂರು ಸಣ್ಣ ಗೆರೆ ಸೇರಿಸಿ ಹೊಲಿದ ಹಾಗೆ ಬರೆದಿದ್ದೆ. ಹದಿನಾರರಂದು ಐದಾರು ಗೆರೆ. ಮೂವತ್ತೊಂದರಂದು, ನರಕ ಚತುರ್ದಶಿಯ ಎಣ್ಣೆನೀರಾದ ಮೇಲೆ ಬಿಡಿಸಿದ್ದು, ಒಂದೇ ಎಳೆತ. ಚೊಂಬು ಸ್ವಲ್ಪ ಸೊಟ್ಟಗಿದೆ. ಆದರೂ ಅದರೊಳಗೆ ನೀರು ನಿಲ್ಲುತ್ತದೆ ಎಂದು ನಂಬಬಹುದು, ಮೊದಲನೆಯದರಲ್ಲಿ ಹಾಗೆನಿಸುವುದಿಲ್ಲ.

ಹದಿನಾರು ಹಾಳೆ ಕತ್ತರಿಸಿದಾಗ ಒಂದು ಉಳಿಯಿತಲ್ಲ, ಅದನ್ನು ಮಸಿ ಪರೀಕ್ಷೆಗೆ ಹಾಳು ಮಾಡಬೇಡಿ, ಅದಕ್ಕೆ ಯಾವುದಾದರೂ ಚೂರು ಸಾಕು. ನೆಲದ ಮೇಲೆ ಕಂಡದ್ದನ್ನೆಲ್ಲ ಆ ಮೂವತ್ತೆರಡನೆಯ ಹಾಳೆಯಲ್ಲಿ ಬರೆಯಿರಿ. ಎಲ್ಲಕ್ಕಿಂತ ಮೇಲಿಟ್ಟು ದಾರ ಕಟ್ಟಿ, ಮುಂದಿನ ಸಲ ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಅದನ್ನೊಮ್ಮೆ ಓದಿ.